ಹಳೇ ಸ್ಕೀ ಬೋಟಿನ ಫ್ಲೋರು ಕುಂಬಾಗಿದ್ರೆ ಈ ಸೀಸನ್ ದಾಟಿಸುದು ಹೇಗೆ

ಬೋಟಿನ ಒಳಗೆ ಕಾಲಿಟ್ಟಾಗ ಫ್ಲೋರು ಸ್ವಲ್ಪ ಕೆಳಗೆ ಹೋಗಿ ಮೇಲೆ ಬರ್ತದೆ ಅಂತಾದ್ರೆ, ಕಾರ್ಪೆಟ್ ಉಂಟಲ್ಲ ಅದಕ್ಕೇ ಮೆತ್ತಗೆ ಅಂತ ಸಮಾಧಾನ ಮಾಡ್ಕೊಂಡು ಕೂತ್ಕೊಳ್ಬೇಡಿ, ಅಡಿಯ ಪ್ಲೈವುಡ್ ಕುಂಬಾಗಿದೆ, ಅಂದ್ರೆ ಕೊಳೆತು ಹೋಗಿದೆ ಅಂತಲೇ ಲೆಕ್ಕ. ನೀರ ಮೇಲೆ ಸ್ಕೀ ಮಾಡುವವರನ್ನು ಹಗ್ಗ ಕಟ್ಟಿ ಎಳೆಯುವ ಹಳೇ ಸ್ಕೀ ಬೋಟುಗಳದ್ದು ಹೆಚ್ಚಿನದ್ದು ಇದೇ ಕಥೆ. ಹಲ್, ಅಂದ್ರೆ ಬೋಟಿನ ಹೊರಮೈ, ಫೈಬರ್, ಅದು ಕುಂಬಾಗುದಿಲ್ಲ, ಆದ್ರೆ ಒಳಗೆ ಉದ್ದಕ್ಕೆ ಸ್ಟ್ರಿಂಗರ್ ಅನ್ನುವ ಮರದ ತೊಲೆಗಳನ್ನು ಇಟ್ಟು, ಅದ್ರ ಮೇಲೆ ಪ್ಲೈವುಡ್ ಕೂರಿಸಿ, ಮಧ್ಯದ ಖಾಲಿ ಜಾಗಕ್ಕೆ ಫೋಮ್ ತುಂಬಿಸಿ, ಮೇಲಿಂದ ತೆಳು ಫೈಬರ್ ಹಾಕಿ ಕಾರ್ಪೆಟ್ ಅಂಟಿಸಿ ಬಿಟ್ಟಿರ್ತಾರೆ. ಸೀಟಿನ ಸ್ಕ್ರೂ ಹಾಕಿದ ಒಂದೊಂದು ತೂತಿನಿಂದ ನೀರು ಇಳಿದು ಇಳಿದು ಹತ್ತು ಹದಿನೈದು ವರ್ಷದಲ್ಲಿ ಒಳಗಿನ ಮರ ಮುಗೀತದೆ, ಮೇಲಿಂದ ನೋಡಿದ್ರೆ ಏನೂ ಗೊತ್ತಾಗುದಿಲ್ಲ.

ನಮ್ಮಲ್ಲಿ ತುಂಬಾ ಜನ ಉಪ್ಪುನೀರಿಗೆ ಹಾಳಾಯ್ತು ಅಂತಾರೆ. ಅದು ಉಲ್ಟಾ ಮಾರಾಯ್ರೆ. ಮರವನ್ನು ಕುಂಬು ಮಾಡುವ ಫಂಗಸ್‌ಗೆ ಉಪ್ಪು ಅಷ್ಟು ಹಿಡಿಸುದಿಲ್ಲ, ಅದಕ್ಕೆ ಬೇಕಾದ್ದು ಸಿಹಿನೀರು, ಸ್ವಲ್ಪ ಗಾಳಿ, ಸೆಖೆ. ಮಂಗಳೂರು ಉಡುಪಿಯಲ್ಲಿ ಈ ಮೂರಕ್ಕೆ ಎಂತ ಕಮ್ಮಿ? ವರ್ಷಕ್ಕೆ 3,500 ಎಂಎಂ ಮೇಲೆ ಮಳೆ ಬೀಳುವ ಊರಲ್ಲಿ ಬೋಟನ್ನು ತೆಂಗಿನ ಮರದ ಅಡಿಯಲ್ಲಿ ಟ್ರೇಲರ್ ಮೇಲೆ ನಿಲ್ಲಿಸಿ, ಒಂದು ನೀಲಿ ಟರ್ಪಾಲ್ ಹೊದ್ದಿಸಿ, ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಕಡೆ ತಲೆ ಹಾಕದಿದ್ರೆ ಫ್ಲೋರು ಹೋಗುದು ಸಮುದ್ರದಲ್ಲಿ ಅಲ್ಲ, ಮನೆ ಅಂಗಳದಲ್ಲೇ.

ಸರಿಯಾದ ರಿಪೇರಿ ಅಂದ್ರೆ ಫ್ಲೋರು ಇಡೀ ಕಿತ್ತು, ಫೋಮ್ ತೆಗೆದು, ಸ್ಟ್ರಿಂಗರ್ ನೋಡಿ, ಹೊಸತು ಕೂರಿಸಿ ಫೈಬರ್ ಎಳೆಯುದು. ಅದಕ್ಕೆ ಒಣ ಶೆಡ್ ಬೇಕು, ವಾರಗಟ್ಟಲೆ ಟೈಮ್ ಬೇಕು, ದುಡ್ಡು ಬೇಕು. ಫೆಬ್ರವರಿ ಮಾರ್ಚ್‌ನಲ್ಲಿ ಫ್ಲೋರು ಮೆತ್ತಗಾಗಿದ್ದು ಗೊತ್ತಾದ್ರೆ ಮೇ ಕೊನೆ ತನಕ ನದಿಯಲ್ಲಿ ಓಡಿಸ್ಲಿಕ್ಕೆ ಒಂದು ತಾತ್ಕಾಲಿಕ ಕೆಲಸ ಮಾಡ್ಬಹುದು, ನಾನು ಬರೀತಿರುದು ಅದ್ರ ಬಗ್ಗೆ ಮಾತ್ರ. ಒಂದು ವಿಷಯ ಮೊದಲೇ ತಲೆಯಲ್ಲಿ ಇಟ್ಕೊಳ್ಳಿ: ಈಗ ಹಾಕುವ ಹಲಗೆ ನಾಳೆ ಸ್ಕ್ರೂ ಬಿಚ್ಚಿ ತೆಗೆಯುವ ಹಾಗೆ ಇರ್ಬೇಕು. ಕುಂಬಾದ ಮರದ ಮೇಲೆ ಫೈಬರ್ ಮ್ಯಾಟ್ ಹಾಕಿ ರೆಸಿನ್ (ಗಟ್ಟಿಯಾಗುವ ಅಂಟು ದ್ರವ) ಸುರಿದು ಚಂದಕ್ಕೆ ಮುಚ್ಚಿ ಬಿಟ್ರೆ ಅಡಿಯಲ್ಲಿ ನೀರು ಹಾಗೇ ಉಳಿದು ಪಕ್ಕದ ಒಳ್ಳೆ ಮರವನ್ನೂ ತಿಂತದೆ, ಆಮೇಲೆ ಕೀಳುವಾಗ ಎರಡು ಪಟ್ಟು ಬಂಗ.

ಮೊದಲು ಖಾಲಿ ಮಾಡಿ. ಸೀಟು, ಕಾರ್ಪೆಟ್, ಆಂಕರ್ ಹಗ್ಗ, ಲೈಫ್ ಜಾಕೆಟ್ ಎಲ್ಲಾ ಹೊರಗೆ. ಕಾರ್ಪೆಟ್ ಕಿತ್ತರೆ ಪುನಃ ಹಾಕುವ ಆಲೋಚನೆ ಬಿಟ್ಟುಬಿಡಿ, ಅದು ನೀರು ಹಿಡಿದಿಟ್ಟುಕೊಳ್ಳುವ ವಸ್ತು, ಬೇಕಾದ್ರೆ ಆಮೇಲೆ ಬಿಡಿ ರಬ್ಬರ್ ಮ್ಯಾಟ್ ಹಾಸಿ. ಬ್ಯಾಟರಿ ಕನೆಕ್ಷನ್ ತೆಗೀರಿ. ಪೆಟ್ರೋಲ್ ಟ್ಯಾಂಕ್ ಎಲ್ಲುಂಟು ಅಂತ ನೋಡಿ, ಕೆಲವು ಬೋಟಿನಲ್ಲಿ ಅದು ಫ್ಲೋರಿನ ಅಡಿಯಲ್ಲೇ ಇರ್ತದೆ. ಹಾಗಿದ್ರೆ ಡ್ರಿಲ್ಲು, ಗ್ರೈಂಡರು ಹಿಡಿಯುವ ಮೊದಲು ಟ್ಯಾಂಕಿನ ಜಾಗ ಚಾಕ್‌ನಲ್ಲಿ ಗೆರೆ ಹಾಕಿ ಗುರ್ತು ಮಾಡಿ, ಬೋಟಿನ ತಳದಲ್ಲಿ ನೀರು ನಿಲ್ಲುವ ಬಿಲ್ಜ್‌ನಲ್ಲಿ ಪೆಟ್ರೋಲ್ ವಾಸನೆ ಬಂದ್ರೆ ಅದು ಹೋಗುವ ತನಕ ಕೆಲಸ ಶುರು ಮಾಡ್ಲೇ ಬೇಡಿ. ಹಿಂದಿನ ಡ್ರೈನ್ ಪ್ಲಗ್ ತೆಗೆದು, ಟ್ರೇಲರ್ ಮೂತಿ ಅಡಿಗೆ ಕಲ್ಲಿಟ್ಟು ಎತ್ತರಿಸಿ. ನೀರು ಇಳಿಯುದು ನಿಂತ ಮೇಲೂ ಟೇಬಲ್ ಫ್ಯಾನ್ ಹಚ್ಚಿ ಕೆಲವು ದಿನ ಬಿಡಿ. ನಮ್ಮ ಹವೆಗೆ ಬರೀ ಬಿಸಿಲು ಸಾಕಾಗುದಿಲ್ಲ, ಗಾಳಿ ಆಡ್ಬೇಕು.

ಈಗ ನಿಜವಾದ ಕೆಲಸ, ಅಂದ್ರೆ ಎಷ್ಟು ಹೋಗಿದೆ ಅಂತ ನೋಡುದು. ಇಲ್ಲಿ ಅರ್ಜೆಂಟ್ ಮಾಡ್ಬೇಡಿ. ಸ್ಕ್ರೂ ಡ್ರೈವರಿನ ಹಿಡಿಯಿಂದ ಫ್ಲೋರಿನ ಮೇಲೆ ನಾಲ್ಕು ನಾಲ್ಕು ಇಂಚಿಗೆ ತಟ್ಟಿಕೊಂಡು ಹೋಗಿ. ಗಟ್ಟಿ ಮರದಲ್ಲಿ ಟಕ್ ಟಕ್ ಅಂತ ಚುರುಕು ಶಬ್ದ ಬರ್ತದೆ, ಕುಂಬಾದಲ್ಲಿ ಡಬ್ ಅಂತ ಸತ್ತ ಶಬ್ದ. ಶಬ್ದ ಬದಲಾದಲ್ಲೆಲ್ಲ ಚಾಕ್‌ನಲ್ಲಿ ಗೆರೆ ಎಳೀರಿ. ಕಾಲಿಗೆ ಮೆತ್ತಗೆ ಅನಿಸಿದ ಜಾಗಕ್ಕಿಂತ ಈ ಗೆರೆ ಒಂದು ಮೊಳ ಆಚೆ ಹೋಗುದು ಮಾಮೂಲು, ಗಾಬರಿ ಆಗ್ಬೇಡಿ. ಮತ್ತೆ ಆ ಗೆರೆಯ ಒಳಗೆ ಹೊರಗೆ 5 ಎಂಎಂ ಬಿಟ್ಟಿನಲ್ಲಿ ತೂತು ಹಾಕಿ ಹೊರಗೆ ಬರುವ ಪುಡಿ ನೋಡಿ. ಒಳ್ಳೆ ಮರದ ಪುಡಿ ತಿಳಿ ಬಣ್ಣದ್ದು, ಸುರುಳಿ ಸುರುಳಿಯಾಗಿ ಬರ್ತದೆ, ಮರದ ವಾಸನೆ ಉಂಟು. ಹಾಳಾದ್ದು ಕಾಫಿ ಗಷ್ಟಿನ ಹಾಗೆ ಕಪ್ಪಾಗಿ ಒದ್ದೆಯಾಗಿ ಬಿಟ್ಟಿಗೇ ಅಂಟ್ತದೆ, ಬೆರಳಲ್ಲಿ ಒತ್ತಿದ್ರೆ ನೀರು ಬರ್ತದೆ, ಹುಳಿ ಹುಳಿ ವಾಸನೆ ಬೇರೆ. ಬಿಟ್ಟಿಗೆ ಪ್ಲೈವುಡ್ಡಿನ ದಪ್ಪಕ್ಕಿಂತ ಸ್ವಲ್ಪವೇ ಜಾಸ್ತಿಗೆ ಟೇಪ್ ಸುತ್ತಿ ಇಟ್ಕೊಳ್ಳಿ, ಇಲ್ಲಾಂದ್ರೆ ಒಂದೇ ಜೋರಿಗೆ ಹಲ್ ಅನ್ನೂ ದಾಟಿ ನೆಲದ ಹುಲ್ಲು ಕಾಣುವ ಹಾಗಾಗ್ತದೆ.

ಪ್ಲೈವುಡ್ ಹೋದ್ರೆ ದೊಡ್ಡ ವಿಷಯ ಅಲ್ಲ, ಸ್ಟ್ರಿಂಗರ್ ಹೋಗಿದ್ಯಾ ಅನ್ನುದು ಪ್ರಶ್ನೆ. ಸ್ಟ್ರಿಂಗರ್ ಎಲ್ಲುಂಟು ಅಂತ ಗೊತ್ತಾಗ್ಲಿಕ್ಕೆ ಹಳೇ ಸ್ಕ್ರೂಗಳ ಸಾಲು ನೋಡಿ, ಅಥವಾ ಫ್ಲೋರಿನ ಮಧ್ಯದಲ್ಲಿ ಸ್ಕೀ ಇಡುವ ಲಾಕರ್ ಇದ್ರೆ ಅದ್ರೊಳಗೆ ಟಾರ್ಚ್ ಬಿಟ್ಟು ಪಕ್ಕದ ಗೋಡೆ ನೋಡಿ. ಅದ್ರ ಮೇಲೂ ಅದೇ ಡ್ರಿಲ್ ಪರೀಕ್ಷೆ ಮಾಡಿ, ಮೇಲಿನ ಒಂದು ಇಂಚು ಮಾತ್ರ ಅಲ್ಲ, ಪಕ್ಕದಿಂದ ಅಡಿಯ ಹತ್ರವೂ, ಯಾಕಂದ್ರೆ ನೀರು ನಿಲ್ಲುದು ಅಡಿಯಲ್ಲಿ. ಇಂಜಿನ್ ಒಳಗೆ ಇರುವ ಬೋಟು ಆದ್ರೆ ಇಂಜಿನ್ ಮೌಂಟಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಟೈಟ್ ಮಾಡಿ ನೋಡಿ. ಬೋಲ್ಟು ಹಿಡೀದೆ ಸುಮ್ನೆ ತಿರುಗಿದ್ರೆ ಒಳಗೆ ಮರ ಇಲ್ಲ ಅಂತ ಅರ್ಥ, ಅಲ್ಲಿಗೆ ತಾತ್ಕಾಲಿಕ ಅನ್ನುವ ಮಾತೇ ಮುಗೀತು, ಈ ಬರಹ ಮಡಚಿಟ್ಟು ಫೈಬರ್ ಕೆಲಸದವರನ್ನು ಕರೀರಿ. ಔಟ್‌ಬೋರ್ಡ್ ಇದ್ರೆ, ಅಂದ್ರೆ ಇಂಜಿನ್ ಹಿಂದೆ ಹೊರಗೆ ತೂಗ್ತಿದ್ರೆ, ಅದು ಕೂರುವ ಹಿಂದಿನ ಗೋಡೆಯನ್ನು, ಟ್ರಾನ್ಸಮ್ ಅಂತಾರೆ, ಅದನ್ನು ನೋಡ್ಬೇಕು: ಇಂಜಿನನ್ನು ಅರ್ಧ ಎತ್ತಿ, ಅದ್ರ ಕೆಳಗಿನ ತುದಿಯನ್ನು ಕೈಯಲ್ಲಿ ಮೇಲೆ ಕೆಳಗೆ ಅಲ್ಲಾಡಿಸುವಾಗ ಇನ್ನೊಬ್ಬರು ಟ್ರಾನ್ಸಮ್ ನೋಡ್ತಾ ನಿಲ್ಲಿ, ಅದು ಬಾಗಿದ್ರೆ ಅಥವಾ ಬೋಲ್ಟಿನ ಸುತ್ತ ನೀರು ಒಸರಿದ್ರೆ ನೀರಿಗಿಳಿಸ್ಬೇಡಿ.

ಸ್ಕೀ ಬೋಟಿಗೆ ಇನ್ನೊಂದು ಜಾಗ ಉಂಟು, ತುಂಬಾ ಜನ ಇದನ್ನು ನೋಡುದೇ ಇಲ್ಲ. ಹಗ್ಗ ಕಟ್ಟುವ ಕಂಬ, ಪೈಲನ್ ಅಂತಾರಲ್ಲ, ಅದು ಫ್ಲೋರಿಗೆ ಸೇರುವ ಬುಡ. ಎಳೆಯುವಾಗ ಒಬ್ಬ ಮನುಷ್ಯನ ಭಾರ ಜರ್ಕ್ ಜರ್ಕ್ ಆಗಿ ಬೀಳುದು ಅಲ್ಲಿಗೆ. ಚಾಕ್ ಗೆರೆ ಆ ಬುಡದ ಹತ್ರ ಬಂದ್ರೆ ಈ ಸೀಸನ್ ಬೋಟು ಬರೀ ಸುತ್ತಾಡ್ಲಿಕ್ಕೆ, ಸ್ಕೀಯೂ ಇಲ್ಲ ಟ್ಯೂಬೂ ಇಲ್ಲ. ಮಕ್ಕಳು ಹಠ ಮಾಡಿದ್ರೂ ಇಲ್ಲ. ಡ್ರೈವರ್ ಸೀಟಿನ ಬುಡವೂ ಹಾಗೇ, ಸ್ಪೀಡಲ್ಲಿ ತಿರುಗಿಸುವಾಗ ಸೀಟು ಕಿತ್ತು ಬಂದ್ರೆ ಸ್ಟೇರಿಂಗ್ ಹಿಡಿಯುವವರಿಲ್ಲ.

ಸ್ಟ್ರಿಂಗರ್ ಗಟ್ಟಿ, ಪ್ಲೈವುಡ್ ಮಾತ್ರ ಹೋಗಿದೆ ಅಂತಾದ್ರೆ ಖುಷಿ ಪಡಿ, ಮುಂದಿನದ್ದು ಆಚಾರಿ ಕೆಲಸ.

ಸಾಮಾನು: 12 ಎಂಎಂ ಮರೈನ್ ಪ್ಲೈ, ಶೀಟಿನ ಮೇಲೆ ಐಎಸ್ 710 ಅಂತ ಸೀಲ್ ಇರ್ಬೇಕು. ಅಂಗಡಿಯವರು ವಾಟರ್‌ಪ್ರೂಫ್ ಅಂತ ಬೇರೆ ಕೊಡ್ಲಿಕ್ಕೆ ನೋಡ್ತಾರೆ, ಅಡುಗೆ ಮನೆ ಕಪಾಟಿಗೆ ಅದು ಸಾಕು, ಇಲ್ಲಿಗೆ ಬೇಡ. ಸ್ಟ್ರಿಂಗರ್‌ಗಳ ಮಧ್ಯೆ ಒಂದೂವರೆ ಅಡಿಗಿಂತ ಜಾಸ್ತಿ ಅಂತರ ಇದ್ರೆ 18 ಎಂಎಂ ತಗೊಳ್ಳಿ. ರೀಪಿಗೆ ಬೋಗಿ ಮರದ ತುಂಡು ಸಿಕ್ಕಿದ್ರೆ ಒಳ್ಳೇದು, ನಮ್ಮ ಕಡೆ ಕಿರಾಲ್‌ಬೋಗಿ ನೀರಿಗೆ ಹೆದರುದಿಲ್ಲ ಅಂತ ಹಿಂದಿನಿಂದಲೂ ಹೆಸರು, ಆದ್ರೆ ಕಲ್ಲಿನಷ್ಟು ಗಟ್ಟಿ, ಡ್ರಿಲ್ ಹಾಕದೆ ಸ್ಕ್ರೂ ಕೊಟ್ರೆ ಸ್ಕ್ರೂವೇ ತುಂಡಾಗ್ತದೆ. ಸ್ಕ್ರೂ ಸ್ಟೈನ್‌ಲೆಸ್, 316 ಆದ್ರೆ ಬೆಸ್ಟ್, 304 ಆದ್ರೂ ಒಂದು ಸೀಸನ್‌ಗೆ ಅಡ್ಡಿಯಿಲ್ಲ. ಜಿಪ್ಸಂ ಸೀಲಿಂಗಿಗೆ ಹೊಡೆಯುವ ಕಪ್ಪು ಸ್ಕ್ರೂ ಬೇಡ್ವೇ ಬೇಡ, ಬಿಚ್ಚುವ ಹೊತ್ತಿಗೆ ತಲೆಯೇ ಇರುದಿಲ್ಲ. ಎಪಾಕ್ಸಿ (ಹಾರ್ಡ್ನರ್ ಕಲಸಿ ಹಚ್ಚುವ ರೆಸಿನ್), ಪಾಲಿಯುರೆಥೇನ್ ಸೀಲೆಂಟ್ ಒಂದು ಟ್ಯೂಬು, ಗ್ಲೌಸು, ಮಾಸ್ಕು, ಕನ್ನಡಕ. ಮಂಗಳೂರಲ್ಲಾದ್ರೆ ಬಂದರ್, ಹೊಯಿಗೆಬಜಾರ್ ಕಡೆ, ಉಡುಪಿಯವರಿಗಾದ್ರೆ ಮಲ್ಪೆ, ಎಲ್ಲಾ ಅಲ್ಲೇ ಸಿಗ್ತದೆ. ಮೇ ಕೊನೆಗೆ ಹೋಗ್ಬೇಡಿ, ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಮೀನುಗಾರಿಕೆಗೆ ರಜೆ ಅಲ್ವಾ, ಆವಾಗ ಫಿಶಿಂಗ್ ಬೋಟಿನ ರಿಪೇರಿ ಕೆಲಸ ಶುರುವಾಗಿ ಫೈಬರಿನವರು ನಮ್ಮಂಥವರ ಫೋನೇ ಎತ್ತುದಿಲ್ಲ.

ಹಾಳಾದ ಜಾಗ ಒಂದು ಊಟದ ತಟ್ಟೆಗಿಂತ ದೊಡ್ಡದಿಲ್ಲ, ಸುತ್ತ ಎಲ್ಲಾ ಗಟ್ಟಿ ಅಂತಾದ್ರೆ ಕತ್ತರಿಸುವ ಗೋಜೇ ಬೇಡ. ಅಕ್ಕಪಕ್ಕದ ಎರಡು ಸ್ಟ್ರಿಂಗರ್ ಮೇಲೆ ಕೂರುವಷ್ಟು ಅಗಲದ ಪ್ಲೈ ತುಂಡನ್ನು ಮೇಲಿಂದಲೇ ಇಟ್ಟು ಸ್ಟ್ರಿಂಗರಿಗೆ ಸ್ಕ್ರೂ ಮಾಡಿ, ಅಂಚನ್ನು ಇಳಿಜಾರು ಮಾಡಿ ಕಾಲು ತಾಗದ ಹಾಗೆ. ಮುಗೀತು.

ಅದಕ್ಕಿಂತ ದೊಡ್ಡದಿದ್ರೆ ಕತ್ತರಿಸ್ಬೇಕು. ಸರ್ಕ್ಯುಲರ್ ಸಾ ಬ್ಲೇಡನ್ನು ಫ್ಲೋರಿನ ದಪ್ಪಕ್ಕೆ ಸರಿಯಾಗಿ ಇಳಿಸಿ, ಕೂದಲೆಳೆ ಸಹ ಜಾಸ್ತಿ ಬೇಡ. ಕಟ್ಟಿಂಗ್ ವೀಲ್ ಹಾಕಿದ ಗ್ರೈಂಡರಿನಲ್ಲೂ ಆಗ್ತದೆ, ಆಳ ಹಿಡಿತಕ್ಕೆ ಬರುದು ಕಷ್ಟ ಅಷ್ಟೇ. ಫೈಬರ್ ಧೂಳು ಮೈಗೆ ಬಿದ್ರೆ ಎರಡು ದಿನ ತುರಿಕೆ ನಿಲ್ಲುದಿಲ್ಲ, ಸೆಖೆ ಅಂತ ಬನಿಯನ್‌ನಲ್ಲಿ ಕೂತು ಕೊಯ್ಯಬೇಡಿ, ಫುಲ್ ಕೈ ಅಂಗಿ ಹಾಕಿ. ಚಾಕ್ ಗೆರೆಯಿಂದ ಆಚೆ ಗಟ್ಟಿ ಮರ ಸಿಗುವ ತನಕ ಹೋಗಿ, ಉದ್ದದ ಎರಡು ಕಡೆ ಸ್ಟ್ರಿಂಗರಿನ ಮೇಲೆ ಅರ್ಧಕ್ಕೆ ನಿಲ್ಲಿಸಿ, ಹೊಸ ತುಂಡಿನ ಅಂಚು ಕೂರ್ಲಿಕ್ಕೆ ಉಳಿದರ್ಧ ಬೇಕು. ಅಡ್ಡ ಅಂಚಿನಲ್ಲಿ ಅಡಿಯಲ್ಲಿ ಏನೂ ಇರುದಿಲ್ಲ, ಅಲ್ಲಿ ಹಳೇ ಫ್ಲೋರಿನ ಅಡಿಭಾಗಕ್ಕೆ ಎರಡಿಂಚು ಅಗಲದ ರೀಪನ್ನು ಎಪಾಕ್ಸಿ ಹಚ್ಚಿ ಮೇಲಿಂದ ಸ್ಕ್ರೂ ಮಾಡಿ, ರೀಪಿನ ಅರ್ಧ ಹೊರಗೆ ಇರ್ಲಿ, ಹೊಸ ಹಲಗೆ ಅದ್ರ ಮೇಲೆ ಕೂರ್ತದೆ.

ತೆರೆದ ಮೇಲೆ ಫೋಮ್ ಕಾಣ್ತದೆ. ಒಂದು ತುಂಡು ಕಿತ್ತು ಹಿಂಡಿ. ನೀರು ಬಂದ್ರೆ ಆ ಕಿಂಡಿಯಿಂದ ಕೈಗೆ ಸಿಕ್ಕುವಷ್ಟನ್ನೂ ತೆಗೆದು ಬಿಸಾಡಿ, ಅದು ಒಣಗುವ ಜಾತಿಯದ್ದಲ್ಲ. ನೂರು ಲೀಟರ್ ನೀರು ಕುಡಿದ್ರೆ ನೂರು ಕೆಜಿ, ಅಂದ್ರೆ ಇಬ್ಬರು ಬಿಟ್ಟಿ ಪ್ಯಾಸೆಂಜರ್ ಯಾವಾಗ್ಲೂ ಬೋಟಲ್ಲಿ ಕೂತ ಹಾಗೆಯೇ ಲೆಕ್ಕ, ಬೋಟು ಮೊದಲಿನ ಹಾಗೆ ಏಳುದಿಲ್ಲ ಅಂತ ಇಂಜಿನಿಗೆ ಬಯ್ಯುವವರು ಇದನ್ನೊಂದು ನೋಡ್ಬೇಕು. ಆದ್ರೆ ಫೋಮ್ ಇರುದು ಬೋಟು ತುಂಬಿದ್ರೂ ಮುಳುಗ್ಬಾರ್ದು ಅಂತ, ತೆಗೆದ ಮೇಲೆ ಆ ತೇಲುವ ಶಕ್ತಿ ಅಷ್ಟು ಕಮ್ಮಿ ಆಯ್ತು ಅನ್ನುದು ಗೊತ್ತಿರ್ಲಿ. ನೀರು ಹಿಂದಕ್ಕೆ ಹರಿಯುವ ಸಣ್ಣ ತೂತುಗಳು ಸ್ಟ್ರಿಂಗರ್ ಬುಡದಲ್ಲಿ ಇರ್ತವೆ, ಕಸ ಕಟ್ಟಿರ್ತದೆ, ತಂತಿ ಹಾಕಿ ಬಿಡಿಸಿ.

ಹೊಸ ಹಲಗೆಗೆ ಅಳತೆ ತೆಗೀಲಿಕ್ಕೆ ಟೇಪಿಗಿಂತ ಟಿವಿ ಬಾಕ್ಸಿನ ರಟ್ಟು ಒಳ್ಳೇದು, ಮೊದಲು ರಟ್ಟು ಕತ್ತರಿಸಿ ಕೂರಿಸಿ ನೋಡಿ, ಆಮೇಲೆ ಪ್ಲೈ. ಹಲ್ ಪಕ್ಕಕ್ಕೆ ಬರುವ ಅಂಚು ಹಲ್‌ಗೆ ತಾಗ್ಲೇಬಾರ್ದು, ಕಾಲಿಂಚು ಗ್ಯಾಪ್ ಇರ್ಲಿ. ತಾಗಿದ್ರೆ ಅಲೆಯಲ್ಲಿ ಬೋಟು ಬಡಿಯುವಾಗ ಅದೊಂದು ಗೆರೆಯಲ್ಲೇ ಪೆಟ್ಟು ಬಿದ್ದು ಹೊರಗಡೆ ಫೈಬರ್ ಬಿರುಕು ಬಿಡ್ತದೆ.

ಹಲಗೆಯ ಅಂಚಿಗೂ ಅಡಿಗೂ ಎರಡು ಕೈ ಎಪಾಕ್ಸಿ ಹಚ್ಚಿ. ಪ್ಲೈವುಡ್ ನೀರು ಕುಡಿಯುದು ಅಂಚಿನಿಂದ, ಮೇಲಿಂದ ಎಷ್ಟು ಪೇಂಟ್ ಬಳಿದ್ರೂ ಅಂಚು ಬಿಟ್ರೆ ಸುಖ ಇಲ್ಲ. ಡಬ್ಬದಲ್ಲಿ ಬರೆದ ಅಳತೆಗೇ ಮಿಕ್ಸ್ ಮಾಡಿ, ಬೇಗ ಗಟ್ಟಿ ಆಗ್ಲಿ ಅಂತ ಎಪಾಕ್ಸಿಗೆ ಹಾರ್ಡ್ನರ್ ಜಾಸ್ತಿ ಹಾಕಿದ್ರೆ ಬೇಗ ಆಗುದಿಲ್ಲ, ಅಂಟಂಟಾಗಿ ಹಾಗೇ ಉಳೀತದೆ. ನಮ್ಮ ಕರಾವಳಿಯ ತೇವಕ್ಕೆ ಒಣಗಿದ ಎಪಾಕ್ಸಿ ಮೇಲೆ ಮೇಣದ ಹಾಗೆ ಒಂದು ಜಾರುವ ಪದರ ಬರ್ತದೆ, ಎರಡನೇ ಕೈ ಹಚ್ಚುವ ಮೊದಲು ನೀರು ಹಾಕಿ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರಲ್ಲಿ ಉಜ್ಜಿ ಒರೆಸಿ ಒಣಗಿಸ್ಬೇಕು, ಇಲ್ಲಾಂದ್ರೆ ಮೇಲಿನದ್ದು ಸಿಪ್ಪೆ ಎದ್ದು ಬರ್ತದೆ.

ಪಾಲಿಯೆಸ್ಟರ್ ರೆಸಿನ್ ಅಗ್ಗ, ಬಂದರ್‌ನಲ್ಲಿ ಅದೇ ಜಾಸ್ತಿ ಓಡುದು, ಆದ್ರೆ ಹಳೇ ಮರಕ್ಕೆ ಅದು ಎಪಾಕ್ಸಿಯಷ್ಟು ಹಿಡಿಯುದಿಲ್ಲ. ಅದನ್ನೇ ಉಪಯೋಗಿಸುದಾದ್ರೆ ಒಂದು ಮಾತು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ: ಕೋಬಾಲ್ಟನ್ನೂ (ರೆಸಿನ್ ಗಟ್ಟಿಯಾಗುದನ್ನು ಚುರುಕು ಮಾಡುವ ದ್ರವ) ಹಾರ್ಡ್ನರನ್ನೂ ಯಾವತ್ತೂ ನೇರ ಒಂದಕ್ಕೊಂದು ಸೇರಿಸ್ಬಾರ್ದು, ಸಿಡೀತದೆ, ಬೆಂಕಿ ಹತ್ತುತದೆ. ಮೊದಲು ರೆಸಿನಿಗೆ ಕೋಬಾಲ್ಟ್ ಹಾಕಿ ಚೆನ್ನಾಗಿ ಕಲಸಿ, ಅದಾದ ಮೇಲೆ ಹಾರ್ಡ್ನರ್. ಕೆಲವು ರೆಸಿನಿಗೆ ಕೋಬಾಲ್ಟ್ ಮೊದಲೇ ಹಾಕಿ ಕೊಟ್ಟಿರ್ತಾರೆ, ಅಂಗಡಿಯಲ್ಲಿ ಕೇಳಿ. ಹಾರ್ಡ್ನರ್ ಕೆಜಿ ರೆಸಿನಿಗೆ 10ರಿಂದ 20 ಎಂಎಲ್, ಏಪ್ರಿಲ್ ಮಧ್ಯಾಹ್ನದ ಸೆಖೆಗೆ 10 ಸಾಕು, ಅದೂ ಕಾಲು ಕಾಲು ಕೆಜಿಯಾಗಿ ಕಲಸಿ. ಕಣ್ಣಿಗೆ ಹಾರ್ಡ್ನರ್ ಹಾರಿದ್ರೆ ದೃಷ್ಟಿಗೇ ಅಪಾಯ, ಕನ್ನಡಕ ಹಣೆ ಮೇಲೆ ಇಟ್ಕೊಂಡ್ರೆ ಪ್ರಯೋಜನ ಇಲ್ಲ. ಮತ್ತೆ ಅಲ್ಲಿ ಸಿಗುವ ಚಾಪ್ಡ್ ಮ್ಯಾಟನ್ನು (ತುಂಡು ಫೈಬರ್ ಎಳೆಗಳ ಹಾಸು) ಎಪಾಕ್ಸಿ ಜೊತೆ ಹಾಕ್ಬೇಡಿ, ಅದ್ರ ಎಳೆಗಳನ್ನು ಹಿಡಿದಿಟ್ಟ ಅಂಟು ಕರಗುದು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನಿಗೆ, ಎಪಾಕ್ಸಿಯಲ್ಲಿ ಅದು ಸರಿ ನೆನೆಯುದೂ ಇಲ್ಲ ಬಾಗುದೂ ಇಲ್ಲ, ಎಪಾಕ್ಸಿಗೆ ನೇಯ್ದ ಬಟ್ಟೆ ಬೇಕು. ನಮ್ಮ ಈ ಕೆಲಸಕ್ಕೆ ಬಟ್ಟೆಯೂ ಬೇಡ ಮ್ಯಾಟೂ ಬೇಡ, ಹಚ್ಚಿದ್ರೆ ಸಾಕು.

ಕುಂಬಾದ ಮರಕ್ಕೆ ತೆಳು ಎಪಾಕ್ಸಿ ಕುಡಿಸಿದ್ರೆ ಹೊಸತಾಗ್ತದೆ ಅಂತ ಹೇಳುವವರೂ ಉಂಟು. ಒಣಗಿದ ಮೇಲ್ಮೈ ಗಟ್ಟಿ ಆಗ್ತದೆ ನಿಜ, ಬಲ ಬರುದಿಲ್ಲ, ಒದ್ದೆ ಮರಕ್ಕಂತೂ ಅದು ಒಳಗೇ ಇಳಿಯುದಿಲ್ಲ. ಸ್ಟ್ರಿಂಗರ್ ಮೇಲಿನ ಕಾಲಿಂಚು ಮೆತ್ತಗಿದ್ರೆ ಕೆರೆದು ಒಣಗಿಸಿ ಹಚ್ಚಿ, ಅಷ್ಟಕ್ಕೆ ಮಾತ್ರ ಅದು.

ಕೂರಿಸುವಾಗ ಆರು ಇಂಚಿಗೊಂದು ಸ್ಕ್ರೂ. ಉದ್ದ ಎಷ್ಟು ಅಂದ್ರೆ ಹಲಗೆ ದಾಟಿ ಸ್ಟ್ರಿಂಗರ್ ಒಳಗೆ ಒಂದು ಇಂಚು ಹೋಗ್ಬೇಕು, ಮೂತಿಯ ಕಡೆ ಹಲ್ ಮೇಲೆ ಬಂದು ಸ್ಟ್ರಿಂಗರ್ ಗಿಡ್ಡ ಆಗ್ತದೆ, ಅಲ್ಲಿ ಒಂದೊಂದನ್ನೂ ಅಳೆದು ಹಾಕಿ. ಪ್ರತಿ ತೂತಿಗೂ ಸೀಲೆಂಟ್ ತುಂಬಿಸಿ ಸ್ಕ್ರೂ ಇಳಿಸಿ, ಹೊರಗೆ ಉಬ್ಬಿ ಬಂದದ್ದನ್ನು ಒರೆಸಿ. ಸುತ್ತಲಿನ ಸಂದಿಗೂ ಅದೇ ಸೀಲೆಂಟ್, ಅಡಿಯಲ್ಲಿ ಗಮ್ ಹಾಕಿ ಖಾಯಂ ಅಂಟಿಸ್ಬೇಡಿ, ಮಳೆಗೆ ಮೊದಲು ಬಿಚ್ಚುವವರು ನೀವೇ. ಬೋಟಿನ ಕೆಲಸ ಗೊತ್ತಿರುವ ಆಚಾರಿಯನ್ನು ಕರೆದ್ರೆ "ಮೊಳೆ ಹೊಡ್ದು ಬಿಡುವ, ಐದು ನಿಮಿಷದ ಕೆಲಸ ಅಣ್ಣ" ಅಂತಾರೆ, ಬೇಡ ಆಚಾರ್ರೆ ಅಂತ ಚಾ ಕೊಟ್ಟು ಕೂರಿಸಿ ಸ್ಕ್ರೂವೇ ಹಾಕಿಸಿ. ಮೇಲಿಂದ ಪೇಂಟ್, ಪೇಂಟ್ ಹಸಿ ಇರುವಾಗ ಜರಡಿ ಹಿಡಿದ ತೊಳೆದ ಮರಳು ಸ್ವಲ್ಪ ಉದುರಿಸಿದ್ರೆ ಕಾಲು ಜಾರುದಿಲ್ಲ.

ಮೊದಲ ಸಲ ನದಿಯಲ್ಲೇ ಓಡಿಸಿ, ಗುರುಪುರ ನದಿಯೋ ನೇತ್ರಾವತಿಯೋ ಆ ಕಡೆ ಸ್ವರ್ಣೆಯೋ, ಅಳಿವೆ ಬಾಗಿಲಿನ ಹತ್ರ ಹೋಗ್ಬೇಡಿ, ಅಲ್ಲಿನ ಅಲೆ ಒಳ್ಳೆ ಬೋಟಿನದ್ದೇ ಪರೀಕ್ಷೆ ಮಾಡ್ತದೆ. ಬಿಲ್ಜ್ ಪಂಪ್ ಓಡ್ತದಾ ಅಂತ ಇಳಿಸುವ ಮೊದಲೇ ನೋಡಿ, ಎಲ್ಲರಿಗೂ ಲೈಫ್ ಜಾಕೆಟ್. ವಾಪಸ್ ಟ್ರೇಲರಿಗೆ ಹತ್ತಿಸಿದ ಮೇಲೆ ಡ್ರೈನ್ ಪ್ಲಗ್ ತೆಗೆದು ಬಕೆಟ್ ಹಿಡಿದು ಎಷ್ಟು ನೀರು ಬಂತು ಅಂತ ನೋಡಿ, ಪ್ರತಿ ಸಲ ನೋಡಿ, ಜಾಸ್ತಿ ಆಗ್ತಾ ಬಂದ್ರೆ ಹಲ್‌ನಲ್ಲೇ ಏನೋ ಉಂಟು. ನಾಲ್ಕು ಮೂಲೆಯ ಸ್ಕ್ರೂಗಳಿಗೆ ಕೈಯಲ್ಲೇ ಸ್ಕ್ರೂ ಡ್ರೈವರ್ ಕೊಟ್ಟು ನೋಡಿ, ಒಂದಾದ್ರೂ ಹಿಡಿತ ಬಿಟ್ಟು ಸುಮ್ನೆ ತಿರುಗಿದ್ರೆ ಆ ಸೀಸನ್ ಅಲ್ಲಿಗೆ ನಿಲ್ಲಿಸಿ.

ಮಳೆ ಶುರುವಾಗುವ ಮೊದಲು ಹಲಗೆ ಬಿಚ್ಚಿ ಒಳಗೆ ಗಾಳಿ ಆಡ್ಲಿಕ್ಕೆ ಬಿಡಿ, ಪ್ಲಗ್ ತೆಗೆದೇ ಇಡಿ, ಮೂತಿ ಎತ್ತರಕ್ಕೆ. ಟರ್ಪಾಲನ್ನು ಬೋಟಿನ ಮೈಗೆ ಸುತ್ತಿ ಕಟ್ಟಬೇಡಿ, ಮಧ್ಯದಲ್ಲಿ ಬಿದಿರಿನ ಗಳ ಉದ್ದಕ್ಕೆ ಕಟ್ಟಿ ಎರಡು ಕಡೆ ಇಳಿಜಾರು ಬರುವ ಹಾಗೆ ಹಾಕಿ, ಎರಡೂ ತುದಿ ತೆರೆದಿರ್ಲಿ. ಸ್ಟ್ರಿಂಗರ್ ಎಲ್ಲೆಲ್ಲಿ ಉಂಟು, ಯಾವ ಜಾಗದ ಪುಡಿ ಕಪ್ಪು ಬಂತು ಅಂತ ಚಾಕ್ ಗೆರೆ ಇರುವಾಗಲೇ ಫೋಟೋ ತೆಗೆದಿಟ್ಟಿದ್ರೆ ಅಕ್ಟೋಬರದಲ್ಲಿ ಸರಿಯಾದ ರಿಪೇರಿಗೆ ಫೈಬರಿನವರಿಗೆ ಅದನ್ನೇ ತೋರಿಸಿ ರೇಟ್ ಮಾತಾಡ್ಬಹುದು, ಕೀಳುವ ಮೊದಲೇ.